ಅಮ್ಮಣ್ಣಿಯನ್ನು ಓಡಿಸದ ದಿನ

ಆ ದಿನ ನನ್ನ ಕಾಲುಚೀಲ ಒದ್ದೆಯಾಗಿತ್ತು ಎಂದು ಆಣೆ ಮಾಡಿ ಹೇಳಬಲ್ಲೆ. ಒದ್ದೆಯಾದದ್ದು ಆ ದಿನವೇ ಹೌದೇ ಎಂದು ಕೇಳಿದರೆ ಮಾತ್ರ ತಡವರಿಸುತ್ತೇನೆ.

ವಸಂತದ ಒಂದು ಬೆಳಿಗ್ಗೆ ರೇಸ್‌ಕೋರ್ಸಿನ ಹುಲ್ಲಿನ ಮೇಲೆ ನಾವು ಮೂವರು ನಡೆಯುತ್ತಿದ್ದೆವು. ಮುಂದೆ ಅವರು, ಕುದುರೆಗಳ ತರಬೇತುದಾರರು. ಅವರ ಹಿಂದೆ ನಾಗರಾಜು, ಅವರ ಲಾಯದಲ್ಲಿ ದಿನವೂ ಕುದುರೆಗಳಿಗೆ ಓಟ ಅಭ್ಯಾಸ ಮಾಡಿಸುವ ಮೈಸೂರಿನ ಸವಾರ. ಕೊನೆಯಲ್ಲಿ ನಾನು, ಅವರ ಬಾಡಿಗೆದಾರ. ಅವರು ಅಲ್ಲಲ್ಲಿ ನಿಂತು ಬೂಟಿನ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ನೋಡುತ್ತಿದ್ದರು. ನನ್ನ ಒಂದು ನೆನಪಿನಲ್ಲಿ ಹಿಮ್ಮಡಿ ಮೆತ್ತಗೆ ಕೆಳಗಿಳಿಯುತ್ತದೆ. ಇನ್ನೊಂದರಲ್ಲಿ ಟಕ್ ಎಂದು ಸದ್ದಾಗುತ್ತದೆ. ಎರಡರಲ್ಲೂ ಬೆಳಕು ಒಂದೇ ಥರ, ಹಾಲಿಗೆ ನೀರು ಬೆರೆಸಿದಂಥದ್ದು. ಎರಡರಲ್ಲೂ ಅವರು ತಿರುಗಿ ನೋಡಿ ಮುಂದೆ ನಡೆಯುತ್ತಾರೆ.

ಅವತ್ತು ಅವರು ತಮ್ಮಲ್ಲಿದ್ದ ಅತ್ಯುತ್ತಮ ಕುದುರೆಯನ್ನು ಓಟದಿಂದ ಹಿಂದಕ್ಕೆ ತೆಗೆದುಕೊಂಡರು. ನೆಲ ಗಟ್ಟಿಯಾಗಿದೆ ಎಂದರು. ಊರಿನವರು ಬೇರೆ ಕಾರಣ ಹೇಳಿದರು, ಹೇಳುತ್ತಲೇ ಬಂದರು. ಹೋದ ತಿಂಗಳು ಅವರು ತೀರಿಕೊಂಡಾಗ ಸಾವಿನ ಮನೆಯಲ್ಲಿ, ಚಹಾ ಕುಡಿಯುತ್ತ, ದನಿ ತಗ್ಗಿಸಿ ಮತ್ತೆ ಅದನ್ನೇ ಹೇಳಿದರು. ನಾನು ಅಲ್ಲಿದ್ದವನು, ಕಣ್ಣಾರೆ ನೋಡಿದವನು. ಆದರೂ ಬಾಯಿ ತೆರೆಯಲಾಗಲಿಲ್ಲ. ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಸಂಖ್ಯಾಶಾಸ್ತ್ರ. ಕಂಡದ್ದನ್ನು ನಂಬುವ ಮೊದಲು ಯೋಚಿಸು, ನೆನಪಾದದ್ದನ್ನಂತೂ ನಂಬಲೇಬೇಡ ಎಂಬುದು ಅದರಿಂದ ಅಂಟಿಕೊಂಡ ಚಟ.

ಐರ್ಲೆಂಡಿಗೆ ಬಂದ ಮೇಲೆ ನಾನು ಒಂದು ಕಡೆ ನಿಂತವನಲ್ಲ. ಕಾರ್ಕ್‌ನ ಹಾಲಿಹಿಲ್‌ನಲ್ಲಿ ಕೆಲಕಾಲ, ಆಮೇಲೆ ವಿಮಾನ ನಿಲ್ದಾಣದ ಪಕ್ಕದ ಸ್ಯಾಂಟ್ರಿಯ ಅಪಾರ್ಟ್‌ಮೆಂಟ್. ಅಲ್ಲಿ ವಿಮಾನಗಳ ಹೊಟ್ಟೆ ನೋಡಿ ನೋಡಿ ಬೇಸರ ಬಂದು ಡನ್‌ಡಾಕ್ ದಾಟಿ ಸಮುದ್ರದ ಪಕ್ಕದ ಒಂದು ಹಳ್ಳಿಗೆ ಬಂದೆವು. "ಇದೇ ಕೊನೆ ಕಣ್ರೀ," ಎಂದಿದ್ದಳು ಹೆಂಡತಿ ಸುಧಾ, ಪಾತ್ರೆಗಳಿಗೆ ಪೇಪರ್ ಸುತ್ತುತ್ತ. "ಇನ್ನೊಂದ್ ಸಲ ಮನೆ ಬದಲಾಯಿಸ್ಬೇಕು ಅನ್ನಿಸಿದ್ರೆ ನೀವೊಬ್ರೇ ಹೋಗ್ಬನ್ನಿ." ಮನೆ ಆ ತರಬೇತುದಾರರದ್ದು, ಕುದುರೆ ಲಾಯದ ಅಂಗಳದ ಕೊನೆಯಲ್ಲಿ. ಅಡುಗೆಮನೆಯ ಕಿಟಕಿ ತೆಗೆದರೆ ಒಂದು ಕುದುರೆಯ ಮುಖ ಕಾಣುತ್ತಿತ್ತು. ಸುಧಾ ಒಗ್ಗರಣೆ ಹಾಕಿದಾಗಲೆಲ್ಲ ಅದು ತುಟಿ ಮೇಲೆತ್ತಿ ಹಲ್ಲು ತೋರಿಸುತ್ತಿತ್ತು.

ಅವರನ್ನು ಮೊದಲು ನೋಡಿದ್ದು ಸಮುದ್ರದಲ್ಲಿ. ಹೊಸ ಮನೆಯಲ್ಲಿ ನಿದ್ದೆ ಬರದೆ, ಬೆಳಗಾಗುತ್ತಲೇ ದಂಡೆಗೆ ಹೋಗಿದ್ದೆ. ನೀರು ಇಳಿದಿತ್ತು. ಮರಳು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅದರ ಮೇಲೆ ಮಂಜು ಕೂತಿತ್ತು. ಆಕಾಶ ಯಾವುದು ನೆಲ ಯಾವುದು ಗೊತ್ತಾಗುತ್ತಿರಲಿಲ್ಲ. ಆ ಬಿಳಿಯೊಳಗಿಂದ ಯಾರೋ ಕನ್ನಡದಲ್ಲಿ ಮಾತಾಡಿದರು.

"ಬಾ ಅಮ್ಮಣ್ಣಿ, ಬಾ ಬಾ. ಹೆದರ್ಕೋಬೇಡ ಕಣವ್ವ. ನೀರು ಅಷ್ಟೇಯ."

ನಾನು ಎದ್ದೇ ಇಲ್ಲ, ಇನ್ನೂ ಹಾಸಿಗೆಯಲ್ಲಿದ್ದೇನೆ ಎಂದುಕೊಂಡೆ. ಅಷ್ಟರಲ್ಲಿ ಮಂಜು ಒಂದು ಕಡೆ ದಟ್ಟವಾಗಿ, ಆ ದಟ್ಟ ಭಾಗಕ್ಕೆ ಕಿವಿ ಬಂದು, ಕಂದು ಹೆಣ್ಣು ಕುದುರೆಯೊಂದು ಹೊರಬಂತು. ಮೇಲೆ ಹೆಲ್ಮೆಟ್ ಹಾಕಿಕೊಂಡ ನಾಗರಾಜು. ಪಕ್ಕದಲ್ಲಿ ಮೊಣಕಾಲುದ್ದ ನೀರಿನಲ್ಲಿ, ಟ್ವೀಡ್ ಟೋಪಿ ಹಾಕಿಕೊಂಡು, ಒಂದರ ಮೇಲೊಂದು ಎರಡು ಸ್ವೆಟರ್ ತೊಟ್ಟ ಮುದುಕರು.

"ಕನ್ನಡದವರಾ?" ಎಂದೆ.

"ಹೂಂ ಸಾರ್, ಮೈಸೂರು. ರೇಸ್‌ಕೋರ್ಸ್ ಹತ್ರಾನೇ ಮನೆ. ನೀವು ಆ ಕಡೆ ಮನೆಗೆ ಬಂದೋರಾ? ಒಗ್ಗರಣೆ ವಾಸ್ನೆ ಬಂತು ನಿನ್ನೆ. ಯಾರಪ್ಪಾ ಅಂದ್ಕಂಡೆ."

ನಾವು ಮಾತಾಡುತ್ತಲೇ ಹೋದೆವು. ಮುದುಕರು ನಮ್ಮಿಬ್ಬರ ಮುಖವನ್ನೂ ಸರದಿಯ ಮೇಲೆ ನೋಡಿದರು. "ನಿಮ್ಮಿಬ್ಬರಿಗೂ ಮೊದಲೇ ಪರಿಚಯ ಇದೆಯೋ?"

"ಇಲ್ಲ."

"ಮತ್ತೆ ಇಷ್ಟೊಂದು ಮಾತು? ನನ್ನ ಅಣ್ಣನ ಹತ್ತಿರ ನಾನು ಇಡೀ ಜನ್ಮದಲ್ಲಿ ಇಷ್ಟು ಆಡಿಲ್ಲ. ಗ್ರ್ಯಾಂಡ್."

ಅವರ ಇಂಗ್ಲಿಷನ್ನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಆ ಒಂದು ಪದ ಬಿಟ್ಟು. ಅದು ಯಾವ ಭಾಷೆಗೂ ಇಳಿಯುವುದಿಲ್ಲ. ಕುದುರೆ ಗೆದ್ದರೂ ಗ್ರ್ಯಾಂಡ್, ಲಾಯದ ಛಾವಣಿ ಗಾಳಿಗೆ ಹಾರಿದರೂ ಗ್ರ್ಯಾಂಡ್.

ಅವರ ಹತ್ತಿರ ಇದ್ದದ್ದು ಬೆರಳೆಣಿಕೆಯ ಕುದುರೆಗಳು. ಎಲ್ಲವೂ ಬೇಲಿ ಹಾರಿ ಓಡುವ ಕುದುರೆಗಳು. ನಮ್ಮ ಬೆಂಗಳೂರು, ಮೈಸೂರಿನ ರೇಸ್ ನೋಡಿದವರಿಗೆ ಇದು ಬೇರೆಯೇ ಲೋಕ. ಇಲ್ಲಿ ದಾರಿಗಡ್ಡವಾಗಿ ಎದೆಮಟ್ಟದ ಪೊದೆಬೇಲಿಗಳಿರುತ್ತವೆ, ಮೈಲಿಗಟ್ಟಲೆ ಅವನ್ನು ಹಾರುತ್ತ ಓಡಬೇಕು. ಹಾರಿದ ಕುದುರೆಯ ಭಾರವೆಲ್ಲ ಇಳಿಯುವಾಗ ಮುಂಗಾಲಿನ ಮೇಲೆ ಬೀಳುತ್ತದೆ. ಆದ್ದರಿಂದ ಈ ಆಟದವರು ಮಳೆಗಾಲ, ಚಳಿಗಾಲ, ಕೆಸರನ್ನು ಪ್ರೀತಿಸುತ್ತಾರೆ, ಬಿಸಿಲು ಬಂದರೆ ಮುಖ ಸಿಂಡರಿಸುತ್ತಾರೆ. ಈ ಹಳ್ಳಿಯ ಹತ್ತಿರವೇ ದೀಪ ಹಾಕಿಕೊಂಡು ಸಂಜೆಹೊತ್ತು ಸಪಾಟು ಮರಳಿನ ಮೇಲೆ ಕುದುರೆ ಓಡಿಸುವ ಮೈದಾನವಿದೆ. ಅವರು ಆ ರಸ್ತೆಯಲ್ಲಿ ಹೋಗುವಾಗಲೂ ಆ ಕಡೆ ತಿರುಗುತ್ತಿರಲಿಲ್ಲ. "ಅದು ಬಸ್ಸು ಹಿಡಿಯೋಕೆ ಓಡುವವರ ಕೆಲಸ," ಎನ್ನುತ್ತಿದ್ದರು.

ಅಮ್ಮಣ್ಣಿ ಎಂಬುದು ನಾಗರಾಜು ಇಟ್ಟ ಹೆಸರು. ರೇಸಿನ ಕಾರ್ಡಿನಲ್ಲಿ ಉದ್ದನೆಯ ಬೇರೆ ಹೆಸರಿತ್ತು, ಅಂಗಳದಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ. ಮರಿಯಾಗಿದ್ದಾಗ ಬೇರೆ ಕಡೆ ಮುಂಗಾಲಿನ ನರ ಉಳುಕಿ, ಇನ್ನು ಪ್ರಯೋಜನವಿಲ್ಲ ಎಂದು ಕೈಬಿಟ್ಟಿದ್ದ ಕುದುರೆ. ಸ್ಯಾಂಟ್ರಿಯಲ್ಲಿ ಗೋದಾಮುಗಳಿದ್ದ ಒಬ್ಬರು ಅದನ್ನು ಕೊಂಡು ಇವರ ಬಳಿ ಬಿಟ್ಟಿದ್ದರು. ಮೊದಮೊದಲು ಅದು ಮೇವನ್ನೂ ಮುಟ್ಟಲಿಲ್ಲವಂತೆ. ನಾಗರಾಜು ಹುಲ್ಲಿನ ಮೇಲೆ ಕೂತು ತನ್ನ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದರೆ, ಕೇಳುತ್ತ ಕೇಳುತ್ತ ತಿನ್ನತೊಡಗಿತಂತೆ. ಇವರು ಒಂದಿಡೀ ವರ್ಷ ಅದನ್ನು ಓಡಿಸಲೇ ಇಲ್ಲ, ದಿನವೂ ಉಪ್ಪುನೀರಿನಲ್ಲಿ ನಡೆಸಿದರು. "ದೊಡ್ಡ ಲಾಯದವರಿಗೆ ಈಜುಕೊಳ ಇದೆ. ನನಗೆ ಸಮುದ್ರ ಇದೆ. ಇದನ್ನು ತೊಳೆಯೋ ಕೆಲಸವೂ ಇಲ್ಲ," ಎಂದು ನಗುತ್ತಿದ್ದರು.

ನಾವು ಆ ಹಳ್ಳಿಗೆ ಹೋದ ವರ್ಷದ ಚಳಿಗಾಲದಲ್ಲಿ ಅಮ್ಮಣ್ಣಿ ಗೆಲ್ಲತೊಡಗಿತು. ಮೊದಲು ಒಂದು ಪುಟ್ಟ ಮೈದಾನದಲ್ಲಿ, ಕೆಸರು ಹಾರಿ ಯಾವ ಕುದುರೆ ಯಾವುದೆಂದು ತಿಳಿಯದ ದಿನ. ಮತ್ತೆ ಇನ್ನೊಂದು ಕಡೆ. ಮತ್ತೆ ಇನ್ನೊಂದು ಕಡೆ. ಪತ್ರಿಕೆಯವರು ಬಂದು ಫೋಟೋ ತೆಗೆದರು. ಫೋಟೋದಲ್ಲಿ ಕುದುರೆಯ ಕುತ್ತಿಗೆಯ ಹಿಂದೆ ಅವರ ಟೋಪಿ ಮಾತ್ರ ಕಾಣುತ್ತಿತ್ತು.

ಈ ಗೆಲುವುಗಳಲ್ಲಿ ಒಂದನ್ನೂ ಅವರು ನೋಡಲಿಲ್ಲ. ಉತ್ಪ್ರೇಕ್ಷೆಯಲ್ಲ ಇದು, ಸುಧಾಳನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಕುದುರೆಗಳು ಕೊನೆಯ ಬೇಲಿಯತ್ತ ತಿರುಗುತ್ತಿದ್ದ ಹಾಗೆ ಅವರು ಮೈದಾನಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಜನರ ಮುಖ ನೋಡುತ್ತಿದ್ದರು. ಎಲ್ಲರೂ ಒಂದು ಕಡೆ ನೋಡಿ ಕಿರಿಚುತ್ತಿರುವಾಗ, ಒಬ್ಬರು ಮಾತ್ರ ಇತ್ತ ತಿರುಗಿ, ಮಳೆ ಬಂತೇ ಎಂದು ನೋಡುವವರ ಹಾಗೆ ನಿಂತಿರುತ್ತಿದ್ದರು. ಎರಡನೆಯ ಸಲ ಸುಧಾ ಅವರ ತೋಳು ಹಿಡಿದು ಅಲುಗಾಡಿಸಿ, "ನಿಮ್ಮ ಕುದುರೆ ಗೆದ್ದಿತು, ನೋಡಿ!" ಎಂದರೆ, "ಕಾಲೂರಿ ಇಳಿಯಿತಾ? ಚೆನ್ನಾಗಿ ಇಳಿಯಿತಾ?" ಎಂದು ಕೇಳಿದರು.

ಅವತ್ತೋ ಅಥವಾ ಅದರ ಮುಂದಿನ ಸಲವೋ, ನಾನು ಅಮ್ಮಣ್ಣಿಯ ಮೈ ಸವರಿ ಎಂಥ ಸುಂದರ ಕುದುರೆ ಎಂದೆ. ಅವರು ಗಂಭೀರವಾಗಿ, "ದೇವರು ಅವಳನ್ನು ಕಾಪಾಡಲಿ ಅನ್ನು," ಎಂದರು. ಇಲ್ಲಿನ ಹಳಬರಲ್ಲಿ ಅದೊಂದು ಕಟ್ಟುನಿಟ್ಟು. ಪ್ರಾಣಿಯನ್ನು ಹೊಗಳಿದವರು ಹಿಂದೆಯೇ ಹಾಗೆನ್ನಬೇಕು. ನಾನು ದೇವರು ಇತ್ಯಾದಿಗಳ ಬಗ್ಗೆ ಒಂದು ಸಣ್ಣ ಉಪನ್ಯಾಸ ಶುರು ಮಾಡಿದೆ. ಅವರು ತಾಳ್ಮೆಯಿಂದ ಕೇಳಿ, "ಗ್ರ್ಯಾಂಡ್. ಈಗ ಅನ್ನು," ಎಂದರು. ಅಂದೆ. ಸುಧಾಳಿಗೆ ಮಾತ್ರ ವಿವರಣೆಯೇ ಬೇಕಾಗಲಿಲ್ಲ. "ದೃಷ್ಟಿ ತಾನೆ?" ಎಂದು ಮನೆಗೆ ಹೋಗಿ ಉಪ್ಪು, ಒಣಮೆಣಸಿನಕಾಯಿ ತಂದು ಕುದುರೆಗೆ ನಿವಾಳಿಸಿದಳು. ಅವರು ಟೋಪಿ ತೆಗೆದು ನಿಂತುಕೊಂಡರು. ಮೆಣಸಿನಕಾಯಿ ಸುಟ್ಟ ಘಾಟಿಗೆ ಅಂಗಳದವರೆಲ್ಲ ಕೆಮ್ಮಿದರು. "ಕೆಲಸ ಮಾಡುತ್ತಿರೋದು ಗೊತ್ತಾಗುತ್ತೆ," ಎಂದರು ಅವರು, ಕಣ್ಣೊರೆಸಿಕೊಳ್ಳುತ್ತ.

ಗೆಲುವು ಬಂದ ಹಾಗೆ ಗೋದಾಮಿನ ಮಾಲೀಕರು ಬರುವುದೂ ಹೆಚ್ಚಾಯಿತು. ಒಳ್ಳೆಯ ಮನುಷ್ಯರೇ. ಬರುವಾಗ ಸುಧಾಳಿಗೂ ಚಾಕೊಲೇಟ್ ತರುತ್ತಿದ್ದರು. ವಸಂತ ಹತ್ತಿರವಾದಾಗ ಒಂದು ಭಾನುವಾರ ಅಂಗಳದಲ್ಲಿ ನಿಂತು ಮಾಲೀಕರು ವಿಷಯ ಹೇಳಿದರು. ನಮ್ಮ ಕಿಟಕಿ ತೆರೆದಿತ್ತು.

"ಈ ವಸಂತದ ದೊಡ್ಡ ರೇಸ್ ಗೆದ್ದರೆ ಅವಳನ್ನು ದಕ್ಷಿಣದ ದೊಡ್ಡ ಲಾಯಕ್ಕೆ ಕಳಿಸಬೇಕು ಅಂತಿದ್ದೇನೆ. ಅವರು ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ಇಂಗ್ಲೆಂಡಿಗೆಲ್ಲ ಕರೆದುಕೊಂಡು ಹೋಗುತ್ತಾರೆ. ನಿಮಗೆ ಬೇಸರವಿಲ್ಲ ತಾನೆ?"

"ನಿಮ್ಮ ಕುದುರೆ," ಎಂದರು ಇವರು.

"ನೀವೇ ಅವಳನ್ನು ಈ ಮಟ್ಟಕ್ಕೆ ತಂದವರು. ನಾನು ಅದನ್ನು ಎಲ್ಲರಿಗೂ ಹೇಳುತ್ತೇನೆ."

"ಗ್ರ್ಯಾಂಡ್."

ಸಣ್ಣ ಲಾಯದವರ ಹಣೆಬರಹವೇ ಇದು. ಸೋಲುವ ಕುದುರೆ ಕೈಯಲ್ಲಿ ಉಳಿಯುತ್ತದೆ, ಗೆಲ್ಲುವುದು ಲಾರಿ ಹತ್ತಿ ಹೋಗುತ್ತದೆ. ಆ ಕೆಲವು ವಾರ ನಾನು ಅವರನ್ನು ಗಮನಿಸಿದೆ, ಅಥವಾ ಗಮನಿಸಿದೆ ಎಂದು ಈಗ ಅನ್ನಿಸುತ್ತದೆ. ಗೆಲ್ಲಿಸಿದರೆ ಕಳೆದುಕೊಳ್ಳುತ್ತೇನೆ ಎಂದು ಗೊತ್ತಿದ್ದವರು ಕೆಲಸದಲ್ಲಿ ಎಲ್ಲಾದರೂ ಒಂದು ಎಳೆ ಸಡಿಲ ಬಿಡುತ್ತಾರೆಯೇ ಎಂದು. ಹಾಗೇನೂ ಕಾಣಲಿಲ್ಲ. ಬೆಳಿಗ್ಗೆ ಸಮುದ್ರ, ಮಧ್ಯಾಹ್ನ ಮಾಲೀಸು. ಸಂಜೆ ಮೇವು ಹಾಕಿದ ಮೇಲೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಅದು ಅಗಿಯುವ ಸದ್ದನ್ನು ರೇಡಿಯೋ ಕೇಳುವವರ ಹಾಗೆ ತಲೆ ವಾಲಿಸಿ ಕೇಳುತ್ತಿದ್ದರು. ಒಮ್ಮೆ ನಾನೂ ಪಕ್ಕದಲ್ಲಿ ಕೂತೆ. ಹೊರಗೆ ಸಮುದ್ರವೂ ಅದೇ ಲಯದಲ್ಲಿ ಅಗಿಯುತ್ತಿರುವಂತೆ ಕೇಳಿಸಿ, ಎಷ್ಟು ಹೊತ್ತು ಕೂತೆವೋ ತಿಳಿಯಲಿಲ್ಲ.

ಆ ರೇಸಿನ ಮುಂಚಿನ ದಿನಗಳಲ್ಲಿ ಮಳೆ ಬರಲಿಲ್ಲ. ಇದು ನೆನಪಿದೆ, ಏಕೆಂದರೆ ಐರ್ಲೆಂಡಿನಲ್ಲಿ ಅದು ಸುದ್ದಿ. ರೇಸಿನ ಬೆಳಿಗ್ಗೆ ನಾವು ಮೈದಾನದ ಸುತ್ತ ನಡೆದೆವು. ಹಿಮ್ಮಡಿಯ ಬಗ್ಗೆ ಆಗಲೇ ಬರೆದಿದ್ದೇನೆ, ಅದಕ್ಕಿಂತ ಹೆಚ್ಚು ನನ್ನಲ್ಲಿ ಇಲ್ಲ. ಮಧ್ಯಾಹ್ನ ಮಾಲೀಕರು ಹೆಂಡತಿ, ಅತ್ತೆ, ಸ್ನೇಹಿತರು, ಗರಿಯಿಟ್ಟ ಟೋಪಿಗಳ ಒಂದು ದಂಡಿನೊಂದಿಗೆ ಬಂದರು. ಇವರು ಹೋಗಿ, ಅಮ್ಮಣ್ಣಿ ಓಡುವುದಿಲ್ಲ ಎಂದರು.

"ಏನಂದಿರಿ?"

"ನೆಲ ಗಟ್ಟಿ ಇದೆ. ಆ ಕಾಲಿಗೆ ಆಗೋಲ್ಲ."

"ಬೋರ್ಡಿನಲ್ಲಿ 'ನೆಲ ಚೆನ್ನಾಗಿದೆ' ಅಂತ ಹಾಕಿದ್ದಾರೆ! ಬೇರೆ ಎಲ್ಲರೂ ಓಡಿಸುತ್ತಿದ್ದಾರೆ! ನಮ್ಮ ಅತ್ತೆ ಗಾಲ್ವೇಯಿಂದ ಬಂದಿದ್ದಾರೆ!"

"ಅವರಿಗೆ ಬೇರೆ ಕುದುರೆಗಳನ್ನು ತೋರಿಸಿ. ಕೆಲವು ನೋಡಲು ಚೆನ್ನಾಗಿವೆ."

ಅತ್ತೆಯವರು ನಕ್ಕುಬಿಟ್ಟರು. ಮಾಲೀಕರಿಗೆ ಅದು ಇನ್ನಷ್ಟು ಅವಮಾನವಾಯಿತು. "ನೀವು ಯಾಕೆ ಹೀಗೆ ಮಾಡುತ್ತಿದ್ದೀರಿ ಅಂತ ನನಗೆ ಗೊತ್ತಿಲ್ಲ ಅಂದುಕೊಂಡಿರಾ? ಅವಳು ಗೆದ್ದರೆ ಹೋಗಿಬಿಡುತ್ತಾಳೆ, ಅದಕ್ಕೆ," ಎಂದರು. ಸುತ್ತಲಿದ್ದವರಿಗೆಲ್ಲ ಕೇಳುವ ಹಾಗೆ.

ಇವರು ಟೋಪಿಯನ್ನು ಒಮ್ಮೆ ತೆಗೆದು ಹಾಕಿಕೊಂಡರು. ಓಟ ನಡೆಯಿತು. ಓಡಿದ ಕುದುರೆಗಳೆಲ್ಲ ಕ್ಷೇಮವಾಗಿ ಹಿಂದಿರುಗಿದವು. ಒಂದಾದರೂ ಕುಂಟಿದ್ದರೆ ಅವರ ಮಾತಿಗೆ ಸಾಕ್ಷಿಯಾಗುತ್ತಿತ್ತು. ಹಾಗೆ ಆಶಿಸುವುದೂ ಒಂದು ಕೆಟ್ಟತನ.

ಸಿಟ್ಟಾದ ಮಾಲೀಕರು ಕಾಯಲಿಲ್ಲ, ವಾರದೊಳಗೆ ದೊಡ್ಡ ಲಾಯದ ಲಾರಿ ಬಂತು. ಬೆಳ್ಳಿ ಬಣ್ಣದ, ನಮ್ಮ ಮನೆಗಿಂತ ದೊಡ್ಡದಾದ ಲಾರಿ. ಅಮ್ಮಣ್ಣಿ ತಾನಾಗಿಯೇ ಹತ್ತಿತು. ಕೆಲವು ದಿನ ಕಳೆದು ನಾಗರಾಜುವೂ ಅಲ್ಲಿಗೇ ಕೆಲಸಕ್ಕೆ ಹೋದ. ಮೊದಲು ಕುದುರೆ, ಆಮೇಲೆ ಸವಾರ, ಇಬ್ಬರೂ ಮುದುಕರನ್ನು ಬಿಟ್ಟುಹೋದರು ಎಂದಿತು ಊರು. ನನಗೂ ಹಾಗೆಯೇ ಅನ್ನಿಸಿತು. ಸುಧಾ ಅವನಿಗೆ ಚಟ್ನಿಪುಡಿ ಕಟ್ಟಿಕೊಟ್ಟಳು. ನಾನು ಬಾಗಿಲವರೆಗೆ ಬಂದವನು ಹೆಚ್ಚು ಮಾತಾಡಲಿಲ್ಲ.

ಅಮ್ಮಣ್ಣಿ ಮುಂದಿನ ಚಳಿಗಾಲ ಅಲ್ಲಿಯೂ ಗೆದ್ದಿತು. ನಮ್ಮ ಟೀವಿಯಲ್ಲಿ ನೋಡಿದೆವು. ಅವರನ್ನೂ ಕರೆದಿದ್ದೆವು. ಬಂದು, ಕಿಟಕಿಯ ಹೊರಗಡೆಯೇ ಸಮುದ್ರದ ಕಡೆ ಮುಖ ಮಾಡಿ ನಿಂತುಕೊಂಡರು. ಕೂಗಾಟ ಮುಗಿದ ಮೇಲೆ, "ನಿಂತಿದ್ದಾಳಾ?" ಎಂದು ಕೇಳಿದರು. "ಗೆದ್ದಳು," ಎಂದಳು ಸುಧಾ. "ಅದಲ್ಲ. ನಾಲ್ಕೂ ಕಾಲಿನ ಮೇಲೆ ನಿಂತಿದ್ದಾಳಾ?" ನಿಂತಿದ್ದಾಳೆ ಎಂದ ಮೇಲೆ ಒಳಗೆ ಬಂದು ಎರಡು ಲೋಟ ಕಾಫಿ ಕುಡಿದರು. ಅದಾದ ಮೇಲೆ ಅವರಿಗೆ ಬೇರೆ ಗೆಲುವುಗಳೂ ಬಂದವು. ಯಾರಿಗೂ ಬೇಡವಾಗಿದ್ದ ಒಂದು ಬೂದು ಕುದುರೆ ಎರಡು ಚಳಿಗಾಲ ಎಲ್ಲವನ್ನೂ ಹಿಂದೆ ಹಾಕಿ ಓಡಿತು. ಆದರೆ ಆ ಒಂದು ದಿನದ ಮಾತು ಅವರ ಹೆಸರಿನ ಹಿಂದೆಯೇ ನಡೆದುಬಂತು.

ಒಮ್ಮೆ ನಾನು ನೇರವಾಗಿ ಕೇಳಿದೆ. ದಂಡೆಯ ಮೇಲೆ, ಹಿಂದಿನ ಥರದ್ದೇ ಮಂಜು. "ಅವತ್ತು ನೆಲ ನಿಜವಾಗಿಯೂ ಗಟ್ಟಿ ಇತ್ತಾ?"

"ನೀನೂ ಇದ್ದೆಯಲ್ಲ. ನಿನಗೆ ಹೇಗನ್ನಿಸಿತು?"

"ನೆನಪಿಲ್ಲ."

"ಪರವಾಗಿಲ್ಲ," ಎಂದರು. "ಅಲ್ಲಿಗೆ ಬರದೇ ಇದ್ದವರಿಗೆಲ್ಲ ಚೆನ್ನಾಗಿ ನೆನಪಿದೆ."

ಅಷ್ಟು ಹೇಳಿ ಮಂಜಿನೊಳಗೆ ನಡೆದರು. ನಾನು ಅವರನ್ನು ಈಗ ನೆನೆಸಿಕೊಂಡಾಗಲೆಲ್ಲ ಮೂಡುವ ಚಿತ್ರ ಅದು. ಟೋಪಿ ಕೊನೆಯಲ್ಲಿ ಮರೆಯಾಗುತ್ತದೆ.

ಸಾವಿನ ಮನೆಯಲ್ಲಿ ಇಲ್ಲಿನ ಪದ್ಧತಿಯಂತೆ ಅವರನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ಜನ ಒಬ್ಬೊಬ್ಬರಾಗಿ ಒಳಗೆ ಹೋಗಿ, ಕೈ ಮುಟ್ಟಿ, ಅಡುಗೆಮನೆಗೆ ಬಂದು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. "ದೊಡ್ಡ ಮನುಷ್ಯ," ಎಂದರು ಮಾಂಸದಂಗಡಿಯವರು. "ಆ ಹೆಣ್ಣು ಕುದುರೆ ವಿಷಯದಲ್ಲಿ ಮಾತ್ರ ಬಿಟ್ಟುಕೊಡೋಕೆ ಮನಸ್ಸು ಬರಲಿಲ್ಲ ಪಾಪ." ಸುತ್ತಲಿದ್ದವರು ತಲೆಯಾಡಿಸಿದರು. ಕ್ಷಮಿಸಿಬಿಟ್ಟವರ ತಲೆಯಾಟ.

ನಾಗರಾಜು ದಕ್ಷಿಣದಿಂದ ಬಸ್ಸಿನಲ್ಲಿ ಬಂದಿದ್ದ. ಒಳಗೆ ಬಹಳ ಹೊತ್ತು ಇದ್ದು, ಹೊರಗೆ ಬಂದು ಅಂಗಳದ ಗೋಡೆಗೆ ಒರಗಿ ನಿಂತ. ನಾನು ಚಹಾ ಕೊಟ್ಟು, ಒಳಗೆ ಜನ ಆಡುತ್ತಿದ್ದ ಮಾತು ಹೇಳಿದೆ.

"ಬಿಟ್‌ಕೊಡಕ್ಕೆ ಮನಸ್ಸು ಬರ್ಲಿಲ್ವಾ?" ಅವನು ಚಹಾ ಗೋಡೆಯ ಮೇಲಿಟ್ಟ. "ಅಯ್ಯೋ ಸಾರ್. ನನ್ನನ್ನೂ ಜೊತೇಲಿ ಕಳ್ಸಿದ್ರಲ್ಲ ಸಾರ್ ಬಾಸು."

"ಕಳಿಸಿದ್ರಾ? ನೀವೇ ಹೋದ್ರಿ ಅಂದ್ಕೊಂಡಿದ್ದೆ."

"ನಾನ್ಯಾಕ್ ಹೋಗ್ಲಿ? ಇಲ್ಲಿ ಏನ್ ಕಮ್ಮಿ ಆಗಿತ್ತು ನಂಗೆ? ಅವ್ಳು ಹೊಸಬ್ರ ಹತ್ರ ತಿನ್ನಲ್ಲ, ನೀನ್ ಹೋಗು ಅಂದ್ರು. ನಾನ್ ಆಗಲ್ಲ ಅಂದೆ. ಬೈದ್ರು. ಆ ದೊಡ್ಡ ಲಾಯಕ್ಕೆ ಅವ್ರೇ ಫೋನ್ ಮಾಡಿದ್ರು, ರೇಸ್ ದಿನ ಬೆಳಿಗ್ಗೆ, ಗ್ರೌಂಡಲ್ಲೇ ನಿಂತ್ಕೊಂಡು. ಆಮೇಲೇನೇ ಅವ್ಳನ್ನ ಓಡ್ಸಲ್ಲ ಅಂತ ಹೇಳಕ್ಕೆ ಹೋಗಿದ್ದು. ನೀವು ಪಕ್ಕದಲ್ಲೇ ಇದ್ರಲ್ಲ ಸಾರ್."

ನಾನು ಪಕ್ಕದಲ್ಲೇ ಇದ್ದೆ. ನನ್ನ ಎರಡು ನೆನಪುಗಳಲ್ಲಿ ಒಂದರಲ್ಲೂ ಫೋನ್ ಇಲ್ಲ.

ನಾಗರಾಜುವಿನ ಮಾತನ್ನು ನಂಬಲು ಮನಸ್ಸು ಹಾತೊರೆಯಿತು. ಹಾತೊರೆದದ್ದರಿಂದಲೇ ಅನುಮಾನ ಬಂತು. ಅವರನ್ನು ಅವನು ಪ್ರೀತಿಸುತ್ತಿದ್ದ. ಪ್ರೀತಿಸುವವರ ನೆನಪಿಗೆ ಹಿಂದುಮುಂದಾದದ್ದನ್ನು ಸರಿಯಾಗಿ ಜೋಡಿಸಿಕೊಳ್ಳುವ ಚಾಳಿ ಇರುತ್ತದೆ. ಆದ್ದರಿಂದ ಹೋದ ವಾರ ಆ ದೊಡ್ಡ ಲಾಯದ ಕಚೇರಿಗೆ ಫೋನ್ ಮಾಡಿದೆ. ಅಲ್ಲಿ ಬಹಳ ಕಾಲದಿಂದ ಕೆಲಸ ಮಾಡುವ ಹೆಂಗಸು ಸಿಕ್ಕರು. ನಾನು ಯಾರು, ಏಕೆ ಕೇಳುತ್ತಿದ್ದೇನೆ ಎಂದು ಹೇಳಿದೆ. ನಾಗರಾಜು ಹೇಳಿದ್ದನ್ನು ಹೇಳಲಿಲ್ಲ. ಮುದುಕರಿಂದ ಯಾವಾಗಲಾದರೂ ಫೋನ್ ಬಂದಿತ್ತೇ ಎಂದಷ್ಟೇ ಕೇಳಿದೆ.

ಬಂದಿತ್ತು ಎಂದರು ಆಕೆ. ಯಾವತ್ತು ಎಂಬುದರಲ್ಲಿ ಅವರಿಗೆ ಸಂದೇಹವೇ ಇರಲಿಲ್ಲ. ಲಾಯದವರೆಲ್ಲ ಅದೇ ರೇಸಿಗೆ ಹೊರಟುಹೋಗಿ, ಆಕೆ ಒಬ್ಬರೇ ಚಹಾ ಮಾಡಿಕೊಳ್ಳುತ್ತಿದ್ದ ಬೆಳಿಗ್ಗೆ ಅದು. ಕುದುರೆಯ ಜೊತೆಗೆ ಅದರ ಸವಾರನನ್ನೂ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ ಎಂದು ಅವರು ಕೇಳಿದರಂತೆ. "ಯಾವ ಕುದುರೆ ಅಂದೆ. ನಿಮ್ಮ ಕುದುರೆ ಯಾವುದೂ ನಮ್ಮಲ್ಲಿಲ್ಲವಲ್ಲ ಅಂದೆ. ಬರುತ್ತೆ ಅಂದರು. ಮಧ್ಯಾಹ್ನ ರೇಡಿಯೋದಲ್ಲಿ ಅವರ ಕುದುರೆ ಓಡುತ್ತಿಲ್ಲ ಅಂತ ಹೇಳಿದಾಗ, ನನಗೆ ಆ ಫೋನು ಏನೇನೂ ಅರ್ಥವಾಗಲಿಲ್ಲ."

ನೆಲದ ವಿಷಯ ನನಗೆ ಇವತ್ತಿಗೂ ಗೊತ್ತಿಲ್ಲ. ಫೋನ್ ಬಂದದ್ದು ಬೆಳಿಗ್ಗೆ, ಅವರು ಮಾಲೀಕರ ಹತ್ತಿರ ಹೋಗುವ ಮೊದಲು.